ಶಾಸ್ತ್ರಕ್ಕೊಂದು ಕಂಪ್ಲಯನ್ಸ್

ನಮ್ಮ ಆಫೀಸಿಗೆ ಕುರ್ಚಿ ಮೇಜು ಕಳಿಸುವ ವ್ಯಾಪಾರಿಯೊಬ್ಬರು ಕಳೆದ ತಿಂಗಳು ಇಂಗ್ಲಿಷಿನಲ್ಲಿ ಒಂದು ಮೇಲ್ ಬರೆದಿದ್ದರು. ‘ನಮ್ಮದು ನೂರಕ್ಕೆ ನೂರು ಜಿಎಸ್‌ಟಿ ಕಂಪ್ಲೇಂಟ್ ಸಂಸ್ಥೆ’ ಅಂತ. ಪಾಪ, ಅವರು ಹೇಳಹೊರಟಿದ್ದು ‘ಕಂಪ್ಲಯಂಟ್’. ಎಲ್ಲ ನಿಯಮ ಪಾಲಿಸುತ್ತೇವೆ ಅಂತ. ಆದರೆ ‘ಐ’ ಕೂರಬೇಕಾದ ಕಡೆ ‘ಎ’ ಕೂತು, ವಿಧೇಯ ಮನುಷ್ಯ ದೂರುದಾರನಾಗಿಬಿಟ್ಟಿದ್ದ. ಕಂಪ್ಯೂಟರ್ ಕೂಡ ಕೆಂಪು ಗೆರೆ ಎಳೆದಿರಲಿಲ್ಲ. ಅದರ ಪಾಲಿಗೆ ಎರಡೂ ಸರಿಯಾದ ಪದಗಳೇ ತಾನೇ?

ತಪ್ಪು ಅವರೊಬ್ಬರದಲ್ಲ. ಕಂಪ್ಲೇಂಟ್ ಕನ್ನಡದ್ದೇ ಆಗಿ ಎಷ್ಟೋ ಕಾಲವಾಯಿತು. ಠಾಣೆಯಲ್ಲಿ ಕಂಪ್ಲೇಂಟ್ ಕೊಡುತ್ತೇವೆ. ಮಕ್ಕಳು ಮೇಷ್ಟ್ರ ಹತ್ತಿರ ಕಂಪ್ಲೇಂಟ್ ಹೇಳುತ್ತವೆ. ಬೋರ್‌ವೆಲ್ಲಿನ ಮೋಟರು ಯಾರೂ ಏನೂ ಮಾಡದೆ ತಾನೇ ಕಂಪ್ಲೇಂಟ್ ಬರುತ್ತದೆ. ಕಂಪ್ಲಯನ್ಸ್, ಅಂದರೆ ನಿಯಮ ಪಾಲಿಸುವುದು, ಹಾಗಲ್ಲ. ಅದು ಟೈ ಕಟ್ಟಿಕೊಂಡು ಬಂದ ಪದ. ಇನ್ನೂ ಬೂಟು ಬಿಚ್ಚಿ ನಡುಮನೆಗೆ ಬಂದಿಲ್ಲ.

ಅದರ ಬೇರು ಹುಡುಕಿದರೆ ಲ್ಯಾಟಿನ್ನಿನಲ್ಲಿ ‘ತುಂಬು’ ಅನ್ನುವ ಕ್ರಿಯಾಪದ ಸಿಗುತ್ತದೆ. ಅದು ಸ್ಪೇನ್, ಇಟಲಿ ಸುತ್ತಿ ಇಂಗ್ಲಿಷಿಗೆ ಬರುವ ಹೊತ್ತಿಗೆ ‘ಮರ್ಯಾದೆ ಸಲ್ಲಿಸು’ ಅಂತಾಗಿತ್ತು. ಹೊಗಳಿಕೆಯ ಕಾಂಪ್ಲಿಮೆಂಟ್ ಇದರ ಒಡಹುಟ್ಟು. ಆಮೇಲೆ ‘ಬಗ್ಗು’ ಅನ್ನುವ ಅರ್ಥದ ಇನ್ನೊಂದು ಪದದ ಗಾಳಿಯೂ ಇದಕ್ಕೆ ಸೋಕಿತು ಅನ್ನುತ್ತಾರೆ. ವೈದ್ಯರ ಬಾಯಲ್ಲಿ ಈ ಬಗ್ಗುವ ಅರ್ಥ ಈಗಲೂ ಇದೆ. ಒತ್ತಡ ಬಿದ್ದಾಗ ಶ್ವಾಸಕೋಶ ಎಷ್ಟು ಹಿಗ್ಗುತ್ತದೆ ಅನ್ನುವುದಕ್ಕೆ ಅವರು ಕಂಪ್ಲಯನ್ಸ್ ಅಂತಲೇ ಹೇಳುವುದು. ತುಂಬುವುದು, ಬಗ್ಗುವುದು. ಫಾರಂ ಹಿಡಿದು ಕೌಂಟರಿನಿಂದ ಕೌಂಟರಿಗೆ ಅಲೆದವರಿಗೆ ಇವೆರಡರ ನಂಟನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಗ್ಲಿಷಿನವರು ನಿಯಮದ ಜೊತೆ ಕಂಪ್ಲೈ ಆಗುತ್ತಾರೆ, ಅಂದರೆ ಮುಂದೆ ‘ವಿತ್’ ಬರಬೇಕು. ನಾವು ‘ಟು’ ಹಾಕಿಬಿಡುತ್ತೇವೆ. ನಿಯಮಕ್ಕೆ ಬದ್ಧ, ಕಾನೂನಿಗೆ ತಲೆಬಾಗು ಅಂದು ಅಭ್ಯಾಸವಾದ ನಾಲಿಗೆ, ಏನು ಮಾಡೋದು?

ಸರ್ಕಾರಿ ಕನ್ನಡದಲ್ಲಿ ಇದಕ್ಕೊಂದು ಗಂಭೀರವಾದ ಪದವಿದೆ: ಅನುಪಾಲನೆ. ಹೋದ ಸಭೆಯಲ್ಲಿ ಆದ ತೀರ್ಮಾನಕ್ಕೆ ಈ ಸಭೆಯಲ್ಲಿ ಅನುಪಾಲನಾ ವರದಿ ಕೊಡಬೇಕು. ಎಡಗಡೆ ತೀರ್ಮಾನ, ಬಲಗಡೆ ‘ಕ್ರಮ ವಹಿಸಲಾಗುತ್ತಿದೆ’. ಈ ‘ಲಾಗುತ್ತಿದೆ’ ಇದೆಯಲ್ಲ, ಅದರಲ್ಲಿ ಯಾರು ಅಂತಲೂ ಇಲ್ಲ, ಯಾವಾಗ ಅಂತಲೂ ಇಲ್ಲ. ಮುಂದಿನ ಸಭೆಗೂ ಅದೇ ಹಾಳೆ ನಡೆಯುತ್ತದೆ. ತಾರೀಖು ಬದಲಿಸಿದರಾಯಿತು.

ಆದರೆ ಕಂಪ್ಲಯನ್ಸಿಗೆ ನಿಜವಾದ ಕನ್ನಡ ಅನುಪಾಲನೆಯಲ್ಲ ಅಂತ ನನ್ನ ವಾದ. ಅದು ‘ಶಾಸ್ತ್ರಕ್ಕೆ’. ಎಂಥ ಪದ ನೋಡಿ! ಶಾಸ್ತ್ರ ಅಂದರೆ ಮೀರಬಾರದ ಕಟ್ಟಳೆ. ಅದಕ್ಕೆ ಬರೀ ಒಂದು ‘ಕ್ಕೆ’ ಹಚ್ಚಿದರೆ ಅರ್ಥ ತಿರುಗಿ ನಿಲ್ಲುತ್ತದೆ. ‘ಊಟ ಬೇಡ ಅಂದ್ರೆ ಶಾಸ್ತ್ರಕ್ಕೆ ಒಂದು ತುತ್ತು ತಿನ್ನಿ’ ಅಂದರೆ ಹಸಿವಿಗಲ್ಲ, ಉಂಡ ಲೆಕ್ಕಕ್ಕೆ. ಪೂಜೆಯಲ್ಲಿ ದೇವರಿಗೆ ಬಟ್ಟೆ ಕೊಡಬೇಕಾದಾಗ ಬಟ್ಟೆ ಇಲ್ಲದಿದ್ದರೆ ಪುರೋಹಿತರು ಗಾಬರಿಯಾಗುವುದಿಲ್ಲ. ‘ವಸ್ತ್ರಾರ್ಥಂ ಅಕ್ಷತಾನ್ ಸಮರ್ಪಯಾಮಿ’ ಅಂದು ನಾಲ್ಕು ಕಾಳು ಹಾಕಿಸುತ್ತಾರೆ. ಒಡವೆ ಇಲ್ಲವೇ? ಅದಕ್ಕೂ ಅಕ್ಷತೆ. ಯಾವುದೂ ಬಿಟ್ಟುಹೋಗಲಿಲ್ಲ, ಖರ್ಚೂ ಆಗಲಿಲ್ಲ. ದೇವರು ಆಕ್ಷೇಪಣೆ ಎತ್ತಿದ ದಾಖಲೆ ಇಲ್ಲ.

ಈ ಅಕ್ಷತೆಯನ್ನು ನಾನು ಈಗ ಎಲ್ಲೆಲ್ಲೂ ಕಾಣುತ್ತೇನೆ. ಮೆಟ್ಟಿಲ ಪಕ್ಕ ನೇತುಹಾಕಿದ ಕೆಂಪು ಬಕೆಟ್ಟಿನಲ್ಲಿ ಮರಳಿಗಿಂತ ಬೀಡಿ ತುಂಡೇ ಜಾಸ್ತಿ. ಅದು ಬೆಂಕಿ ಆರಿಸುವ ಅಕ್ಷತೆ. ಕರ್ನಾಟಕದಲ್ಲಿ ಬೈಕಿನ ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯ ಮಾಡಿದ್ದು 2016ರ ಜನವರಿಯಲ್ಲಿ. ರಸ್ತೆ ಬದಿಯಲ್ಲಿ ಅರ್ಧ ಚಿಪ್ಪಿನಂಥ ಟೋಪಿಗಳ ರಾಶಿಗಳೆದ್ದವು. ತಲೆ ಉಳಿಸುವುದು ಅದಕ್ಕಾಗದ ಕೆಲಸ. ದಂಡ ಉಳಿಸುತ್ತಿತ್ತು ಅಷ್ಟೆ. ನಾನೂ ಒಂದು ಕೊಂಡಿದ್ದೆ, ಸುಳ್ಳೇಕೆ ಹೇಳಲಿ. ಸರ್ಕಲ್ ಹತ್ತಿರ ಬಂದಾಗ ತಲೆಗೆ, ದಾಟಿದ ಮೇಲೆ ಮೊಣಕೈಗೆ. ನನ್ನ ಮೊಣಕೈಯಷ್ಟು ಸುರಕ್ಷಿತವಾದ ಮೊಣಕೈ ಆಗ ಇಡೀ ಬೆಂಗಳೂರಿನಲ್ಲಿ ಇರಲಿಲ್ಲ.

ನಮ್ಮ ಸೋದರಮಾವನದು ಇನ್ನೊಂದು ಬಗೆ. ಬಿಪಿ ಮಾತ್ರೆಯನ್ನು ಡಾಕ್ಟರ ಹತ್ತಿರ ಹೋಗುವ ಮುಂಚಿನ ಒಂದು ವಾರ ಮಾತ್ರ ತಪ್ಪದೆ ನುಂಗುತ್ತಾರೆ. ಡಾಕ್ಟರ್ ಬಿಪಿ ನೋಡಿ ‘ಭೇಷ್’ ಅನ್ನುತ್ತಾರೆ, ಮಾವ ಬೀಗುತ್ತಾರೆ, ಮಾತ್ರೆ ಮತ್ತೆ ಡಬ್ಬಿಯೊಳಗೆ. ಹೀಗೆ ಮಾಡುವವರು ಲೋಕದಲ್ಲೆಲ್ಲ ಇದ್ದಾರೆ. ಶ್ರೀಮಂತ ದೇಶಗಳಲ್ಲೂ ದೀರ್ಘಕಾಲದ ಕಾಯಿಲೆಯವರಲ್ಲಿ ಸುಮಾರು ಅರ್ಧದಷ್ಟು ಜನ ಮಾತ್ರ ಹೇಳಿದಂತೆ ಔಷಧಿ ತೆಗೆದುಕೊಳ್ಳುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲೇ ಹೇಳಿತ್ತು. ವೈದ್ಯಲೋಕ ಈಗ ರೋಗಿಯ ವಿಷಯದಲ್ಲಿ ಕಂಪ್ಲಯನ್ಸ್ ಅನ್ನುವುದನ್ನು ಕಡಿಮೆ ಮಾಡಿ ‘ಅಡ್ಹಿಯರೆನ್ಸ್’, ಅಂದರೆ ಅಂಟಿಕೊಂಡಿರುವುದು, ಅನ್ನುತ್ತದೆ. ಹಳೆಯದರಲ್ಲಿ ಹೇಳಿದ್ದು ಕೇಳು ಅನ್ನುವ ವಾಸನೆ ಇತ್ತಂತೆ. ಪದ ಬದಲಾದ ಸುದ್ದಿ ಮಾವನ ಡಬ್ಬಿಗೆ ಇನ್ನೂ ಮುಟ್ಟಿಲ್ಲ.

ಹಾಗಾದರೆ ಎಲ್ಲರೂ ನಿಯಮವನ್ನು ಅಕ್ಷರ ಬಿಡದೆ ಪಾಲಿಸಿದರೆ? ಅದಕ್ಕೂ ಒಂದು ಹೆಸರಿದೆ: ವರ್ಕ್ ಟು ರೂಲ್. ಅದೊಂದು ಮುಷ್ಕರ! ಕಾರ್ಮಿಕರು ಕೆಲಸ ನಿಲ್ಲಿಸುವುದಿಲ್ಲ, ಪುಸ್ತಕದಲ್ಲಿದ್ದಂತೆ ಮಾಡುತ್ತಾರೆ ಅಷ್ಟೆ. ಪ್ರತಿ ನಟ್ಟು ನೋಡಿ, ಪ್ರತಿ ಸಹಿ ಹಾಕಿಸಿ, ಗಂಟೆ ಹೊಡೆದ ಕೂಡಲೇ ಮನೆಗೆ. ಎರಡೇ ದಿನದಲ್ಲಿ ಮ್ಯಾನೇಜರು ‘ದಯವಿಟ್ಟು ಮೊದಲಿನ ಹಾಗೇ ಮಾಡ್ರಪ್ಪ’ ಅಂತ ಕೈಮುಗಿಯುವ ಸ್ಥಿತಿ.

ಅಂದಹಾಗೆ, ಆ ವ್ಯಾಪಾರಿಯ ಮೇಲನ್ನು ನಾನು ಅಕೌಂಟ್ಸ್ ವಿಭಾಗದವರಿಗೆ ತೋರಿಸಿ ನಕ್ಕೆ. ಅವರು ನಗಲಿಲ್ಲ. ಬಿಲ್ಲು ತೆಗೆದು ಮುಂದಿಟ್ಟರು. ಜಿಎಸ್‌ಟಿ ಸಂಖ್ಯೆಯಲ್ಲಿ 15 ಅಕ್ಷರ ಇರಬೇಕು, ನಮ್ಮ ರಾಜ್ಯದ್ದಾದರೆ 29ರಿಂದ ಶುರುವಾಗಬೇಕು. 29 ಇತ್ತು. ಎಣಿಸಿದರೆ ಒಟ್ಟು 14. ‘ಅವರು ಸರಿಯಾಗೇ ಬರ್ದಿದಾರೆ ಬಿಡಿ ಸಾರ್’ ಅಂದರು.