ಹೊರಡಿಸುವ ಯಂತ್ರ ಬೇಕಾಗಿದೆ

ನಮ್ಮ ಮಲೆನಾಡಿನಲ್ಲಿ ನೆಂಟರು ಹೊರಡುವುದಿಲ್ಲ, ಹೊರಡುತ್ತಲೇ ಇರುತ್ತಾರೆ. ಬೆಳಗ್ಗೆಯಿಂದ ಸೀನುತ್ತಾ ಇದನ್ನು ಬರೆಯುತ್ತಿದ್ದೇನೆ. ಮಾತು ಸ್ವಲ್ಪ ಖಾರ ಅನ್ನಿಸಿದರೆ ಸೀನಿನ ಲೆಕ್ಕಕ್ಕೆ ಹಾಕಿಕೊಳ್ಳಿ.

ಅಡಿಕೆಗೆ ಏನೇನು ಬಂದಿಲ್ಲ ಹೇಳಿ. ಸುಲಿಯೋಕೆ ಮಿಷನ್ ಬಂತು. ನೆಲದ ಮೇಲೇ ನಿಂತು ಅಡಿಕೆ ಗೊನೆ ಇಳಿಸೋಕೆ, ಔಷಧಿ ಹೊಡೆಯೋಕೆ ಕಾರ್ಬನ್ ಫೈಬರ್ ದೋಟಿ ಬಂತು. ಬಂಟ್ವಾಳದ ಕೃಷಿಕರೊಬ್ಬರು ಮರ ಹತ್ತುವ ಬೈಕನ್ನೇ ಮಾಡಿ 2019ರಲ್ಲಿ ದೊಡ್ಡ ಸುದ್ದಿಯಾದರು. ಮನುಷ್ಯನನ್ನು ಅಡಿಕೆ ಮರದ ತುದಿಗೆ ಮುಟ್ಟಿಸುವ ಯಂತ್ರ ಇದೆ. ಗೇಟಿನಿಂದ ಆಚೆ ಮುಟ್ಟಿಸುವ ಯಂತ್ರ ಮಾತ್ರ ಇಲ್ಲ.

ನಮ್ಮ ಮಾವ ಒಬ್ಬರಿದ್ದಾರೆ. ಸಂಬಂಧ ದೂರ, ಮನೆ ಹತ್ತಿರ. ನಾವು ಶಿವಮೊಗ್ಗದ ವಿನೋಬನಗರ, ಅವರು ಗಾಡಿಕೊಪ್ಪ. ಬಂದವರು ಸೋಫಾದಲ್ಲಿ ಕೂತು "ಮತ್ತೆ?" ಅಂತಾರೆ. ನಾನು "ಏನಿಲ್ಲ ಮಾವ, ನೀವೇ ಹೇಳ್ಬೇಕು" ಅಂತೀನಿ. ಅವರೇನೂ ಹೇಳುವುದಿಲ್ಲ. ಕಾಫಿ ಆಗುತ್ತದೆ, ಟಿವಿಯಲ್ಲಿ ವಾರ್ತೆ ಮುಗಿಯುತ್ತದೆ. ಕೊನೆಗೆ ಮೊಣಕಾಲಿಗೆ ಕೈಯೂರಿ "ಹಂಗಾರೆ ನಾ ಹೊರಟೆ" ಅಂತ ಏಳುತ್ತಾರೆ. ಬಾಯಿ ತೆರೆಯುವುದೇ ಆಗ.

ಚಪ್ಪಲಿ ಹಾಕುವಾಗ ಅಡಿಕೆ ತೋಟದ ಎಲೆಚುಕ್ಕೆ ರೋಗದ ಮಾತು. ಎಡಗಾಲಿನದ್ದು ಹಾಕಿದ್ದಾರೆ, ಬಲಗಾಲು ಗಾಳಿಯಲ್ಲಿದೆ. ಮೆಟ್ಟಿಲಿನ ಮೇಲೆ ರಾಶಿ ಅಡಿಕೆ ರೇಟು. ಗೇಟಿಗೆ ಕೈ ಹಾಕಿದ ಮೇಲೆ ತಮ್ಮನ ಜೊತೆಗಿನ ಪಾಲಿನ ತಕರಾರು. ನಿನ್ನೆಯಂತೂ ಮಳೆ. ಇರುವುದು ಒಂದೇ ಛತ್ರಿ. ಹಿಡಿದವನು ನಾನು, ಒಳಗಿದ್ದವರು ಅವರು. ಸ್ಕೂಟರ್ ಸ್ಟಾರ್ಟ್ ಮಾಡಿದರು. ದೇವರು ದೊಡ್ಡವನು ಅಂದುಕೊಂಡೆ. "ಅಲ್ಲ ಮಾರಾಯ, ಒಂದು ಮಾತು" ಅಂದವರೇ, ಸುಮ್ನೆ ಪೆಟ್ರೋಲ್ ಯಾಕೆ ಹಾಳು ಅಂತ ಆಫ್ ಮಾಡಿದರು! ಆ ಒಂದು ಮಾತನ್ನು ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡೇ ಹೇಳಿದರು. ನನಗೆ ಗುಂಯ್ ಅಂತ ಮಾತ್ರ ಕೇಳಿಸಿತು. "ಹೌದಾ, ಒಳ್ಳೇದಾಯ್ತು" ಅಂದೆ. ಅದು ಒಳ್ಳೇದಾಗುವ ವಿಷಯ ಅಲ್ಲವಂತೆ. ಗಾಜು ಮೇಲೆತ್ತಿ ಮೊದಲಿಂದ ಶುರು ಮಾಡಿದರು.

ಒಳಗಿದ್ದ ನನ್ನ ಹೆಂಡತಿಗೆ ತಡೆಯಲಿಲ್ಲ. ಗೇಟಿನ ಲೈಟನ್ನು ಹಾಕಿ ಆರಿಸಿ, ಹಾಕಿ ಆರಿಸಿ ಮಾಡಿದಳು. ಮಾವ ತಲೆಯೆತ್ತಿ ನೋಡಿ, "ನಿಮ್ಮಲ್ಲೂ ವೋಲ್ಟೇಜ್ ಸಮಸ್ಯೆನಾ?" ಅಂದರು. ಅಲ್ಲಿಂದ ಕರೆಂಟಿನ ಕಥೆ.

ರಾತ್ರಿ ತಲೆ ಒರೆಸಿಕೊಳ್ಳುತ್ತಾ ಯೋಚನೆ ಮಾಡಿದೆ. ಕಾಲಿಗೆ ಹಾಕಿದ ಕೂಡಲೇ ತಾನಾಗಿ ರಸ್ತೆ ಕಡೆ ನಡೆಯುವ ಚಪ್ಪಲಿ ಮಾಡಿದರೆ? ಆದರೆ ಮಾವ ಒಂದು ಕಾಲಿಗೆ ಮಾತ್ರ ಹಾಕಿ ನಿಲ್ಲುವವರು. ಅಂಗಳದಲ್ಲೇ ಗಿರಗಿರ ಸುತ್ತುತ್ತಾ ಮಾತು ಮುಂದುವರಿಸಿಯಾರು. ಗೇಟಿಗೊಂದು ಆಟೋ ಮೀಟರ್ ಕೂರಿಸಿ, ಐದು ನಿಮಿಷದ ಮೇಲೆ ವೇಟಿಂಗ್ ಚಾರ್ಜ್ ಹಾಕಬಹುದು. ಅದೂ ಆಗದ ಮಾತು. "ಇರ್ಲಿ ಬಿಡಿ ಮಾವ, ನಾನು ಕೊಡ್ತೀನಿ" ಅಂತ ನಾನೇ ಜೇಬಿಗೆ ಕೈ ಹಾಕುತ್ತೇನೆ. ದಾಕ್ಷಿಣ್ಯ ನೋಡಿ!

ಮದುವೆ ಮನೆಗೆ ಬೇಕಾದ್ದು ಬೇರೆ. ಕಾರಿನ ರಿವರ್ಸ್ ಸೆನ್ಸರ್ ಇದೆಯಲ್ಲ, ಅದನ್ನು ಬಾಳೆಎಲೆಗೆ ಸಿಕ್ಕಿಸಬೇಕು. ಹೋಳಿಗೆ ಹಿಡಿದ ಕೈ ಗೇಣು ದೂರಕ್ಕೆ ಬಂದರೆ ಬೀಪ್ ಬೀಪ್. ಬಡಿಸುವವರು "ಎಲೆನೇ ಕರೀತಿದೆ" ಅಂತ ಎರಡು ಜಾಸ್ತಿ ಹಾಕದಿದ್ದರೆ ಸಾಕು.

ಹಾಗೆ ನೋಡಿದರೆ ಹೊರಡಿಸುವ ಯಂತ್ರ ಒಂದು ಕಾಲದಲ್ಲಿ ಇತ್ತು. ಕೊನೆ ಬಸ್ಸು. ತೀರ್ಥಹಳ್ಳಿ ಕಡೆ ನಮ್ಮೂರಲ್ಲಿ ತಿರುವಿನಾಚೆ ಹಾರ್ನ್ ಕೇಳಿದರೆ ಸಾಕು, ಜಗಲಿಯಲ್ಲಿ ಕೂತವರು ಅರ್ಧ ಮಾತು, ಅರ್ಧ ಕವಳ ಬಾಯಲ್ಲೇ ಇಟ್ಟುಕೊಂಡು ಓಡುತ್ತಿದ್ದರು. ಯಾರೂ ಯಾರನ್ನೂ ಎಬ್ಬಿಸಬೇಕಿರಲಿಲ್ಲ. ಯಾರಿಗೂ ಬೇಜಾರಿರಲಿಲ್ಲ. ಉಳಿದರ್ಧ ಮಾತಿಗೆ ಇನ್ನೊಮ್ಮೆ ಬರುತ್ತಿದ್ದರು. ಈ ಕೆಲಸವನ್ನು ಎಷ್ಟೋ ಊರುಗಳಲ್ಲಿ ಮಾಡುತ್ತಿದ್ದದ್ದು ಕೊಪ್ಪದ ಸಹಕಾರ ಸಾರಿಗೆ. 1991ರಲ್ಲಿ ಕಾರ್ಮಿಕರೇ ಸೇರಿ ಕಟ್ಟಿದ ಸಂಸ್ಥೆ. 2020ರಲ್ಲಿ ಆ ಬಸ್ಸುಗಳೂ ನಿಂತವು. ಈಗ ಎಲ್ಲರ ಹತ್ತಿರ ಸ್ವಂತ ಗಾಡಿ. ಸ್ವಂತ ಗಾಡಿಗೆ ಕೊನೆ ಟ್ರಿಪ್ ಅಂತ ಇರುವುದಿಲ್ಲ.

ಅದಕ್ಕೇ ಹಳೇ ಬಸ್ಸಿನ ಹಾರ್ನ್ ರೆಕಾರ್ಡ್ ಮಾಡಿ ಗೇಟಿಗೆ ಕಟ್ಟುವುದು ಅಂತ ತೀರ್ಮಾನಿಸಿದೆ. ಗೇಟಿಗೆ ಕೈ ಹಾಕಿದ ಎರಡನೇ ನಿಮಿಷಕ್ಕೆ ಪೋಂಯ್ ಅನ್ನಬೇಕು. ಖುಷಿಯಿಂದ ಹೆಂಡತಿಗೆ ಹೇಳಿದೆ. ಅವಳು ಕಷಾಯದ ಲೋಟ ಕೈಗಿಟ್ಟು ಅಂದಳು:

"ಆ ಹಾರ್ನ್ ಕೇಳಿದ್ರೆ ಮಾವ ಹೆಲ್ಮೆಟ್ ತೆಗೀತಾರೆ. ಆ ಬಸ್ಸಿನ ಡ್ರೈವರ್ ಯಾರು, ಕಂಡಕ್ಟರ್ ಯಾರು, ಎಲ್ಲಾ ಶುರುವಾಗುತ್ತೆ. ಆಮೇಲೆ ಊಟಕ್ಕೆ ಏಳಿ ಅಂತ ನಾನೇ ಕರೀಬೇಕು. ಸಾರು ಯಾವುದು ಮಾಡ್ಲಿ, ಈಗ್ಲೇ ಹೇಳಿಬಿಡಿ."