‘ಕೈರುಚಿ’ ಅಂತ ಹೇಳಿ ಕೈತೊಳೆದುಕೊಳ್ಳಬೇಡಿ

ಹೋದ ತಿಂಗಳು ಊರಿಗೆ ಹೋದಾಗ ಅಮ್ಮ ಸಾರಿನ ಪುಡಿ ಮಾಡುತ್ತಿದ್ದಳು. ನಾನು ಪಕ್ಕದಲ್ಲಿ ಸಣ್ಣ ತೂಕದ ಮಷಿನ್ ಇಟ್ಟುಕೊಂಡು ಕೂತೆ. ‘ಇದನ್ನೆಲ್ಲ ಬರೆಯೋದೇನೋ, ಕಣ್ಣಂದಾಜು’ ಅಂದಳು. ಅರ್ಧ ಕೆಜಿ ಧನಿಯಕ್ಕೆ ಒಂದು ಹಿಡಿ ಮೆಂತ್ಯ. ಆ ಹಿಡಿಯನ್ನು ಬಾಣಲೆಗೆ ಹಾಕುವ ಮುಂಚೆ ತೂಗಿದೆ, 42 ಗ್ರಾಂ. ಇನ್ನೊಂದು ಸಲ ಹಿಡಿ ಅಂದೆ, 41. ಮತ್ತೊಂದು ಸಲ, 43.

ಇದು ಅಂದಾಜಾ? ಐವತ್ತು ವರ್ಷ ದಿನಾ ಒಲೆ ಮುಂದೆ ನಿಂತು ಗಳಿಸಿದ ಲೆಕ್ಕ ಇದು. ನಾವು ಇದಕ್ಕೆ ‘ನಿಮ್ಮ ಕೈರುಚಿ ಬಿಡಿ’ ಅಂತ ಹೇಳಿ, ಊಟ ಮುಗಿಸಿ ಎದ್ದು ಹೋಗುತ್ತೇವೆ. ಆ ಮಾತು ಹೊಗಳಿಕೆಯ ಹಾಗೆ ಕೇಳುತ್ತದೆ, ಆದರೆ ಅದನ್ನು ಹೇಳಿದ ಮೇಲೆ ನಾವು ಏನನ್ನೂ ಕೇಳುವುದಿಲ್ಲ. ಎಷ್ಟು ಹಾಕಿದಿರಿ, ಯಾವಾಗ ಇಳಿಸಿದಿರಿ, ಯಾಕೆ? ಕೇಳುವುದೇ ಇಲ್ಲ.

ಬರೆಯುವ ರೂಢಿ ನಮ್ಮಲ್ಲಿ ಇಲ್ಲದೇ ಇಲ್ಲ. 1025ರ ಸುಮಾರಿಗೆ ಇಮ್ಮಡಿ ಚಾವುಂಡರಾಯ ಕನ್ನಡದಲ್ಲಿ ಬರೆದ ಲೋಕೋಪಕಾರದಲ್ಲಿ ಬೇಸಾಯ, ದನಕರುಗಳ ಔಷಧಿ, ನೀರು ಹುಡುಕುವ ವಿದ್ಯೆ ಎಲ್ಲದರ ಜೊತೆ ಅಡುಗೆಯೂ ಇದೆ. 1129ರ ಹೊತ್ತಿಗೆ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಸಂಸ್ಕೃತದ ಮಾನಸೋಲ್ಲಾಸದಲ್ಲಿ ಊಟಕ್ಕೇ ಒಂದು ಭಾಗ ಬಿಟ್ಟುಕೊಟ್ಟ. 1508ರ ಸುಮಾರಿಗೆ ಮೂರನೇ ಮಂಗರಸ ಸೂಪಶಾಸ್ತ್ರವನ್ನು ವಾರ್ಧಕ ಷಟ್ಪದಿಯಲ್ಲಿ ಬರೆದ. ಬದನೆಕಾಯಿ, ಹಲಸು, ಬಾಳೆಕಾಯಿ, ಕಳಲೆ ಎಲ್ಲಕ್ಕೂ ಅದರಲ್ಲಿ ಜಾಗ ಇದೆ. ಬದನೆಕಾಯಿ ಬಗ್ಗೆ ಷಟ್ಪದಿ ಕಟ್ಟಿದ ಭಾಷೆ ನಮ್ಮದು ಅಂತ ನನಗೆ ನಿಜಕ್ಕೂ ಹೆಮ್ಮೆ. ಆದರೆ ಇವರೆಲ್ಲ ಗಂಡಸರೇ, ಅಲ್ವಾ? ಅದೇ ಕಾಲದಲ್ಲಿ ಮನೆಮನೆಯಲ್ಲಿ ದಿನಾ ಬೇಯಿಸಿದ ಹೆಂಗಸರ ಲೆಕ್ಕ ಎಲ್ಲಿ ಹೋಯಿತು?

ಅದಕ್ಕೇ ನನಗೆ 1951ರಲ್ಲಿ ಮದರಾಸಿನಲ್ಲಿ ಎಸ್. ಮೀನಾಕ್ಷಿ ಅಮ್ಮಾಳ್ ತಮಿಳಿನಲ್ಲಿ ತಂದ ‘ಸಮೈತ್ತು ಪಾರ್’ ತುಂಬಾ ದೊಡ್ಡ ಪುಸ್ತಕ. ‘ಅಡುಗೆ ಮಾಡಿ ನೋಡು’ ಅಂತ ಹೆಸರಿನ ಅರ್ಥ. ನೆಂಟರು ಮತ್ತೆಮತ್ತೆ ಕೇಳುತ್ತಿದ್ದುದಕ್ಕೆ ಆಕೆ ಬರೆದುಕೊಡುತ್ತಿದ್ದ ಅಡುಗೆಗಳೇ ಕೊನೆಗೆ ಪುಸ್ತಕವಾದವು. ಹೊಸದಾಗಿ ಸಂಸಾರ ಹೂಡಿದ ಎಷ್ಟೋ ಹುಡುಗಿಯರು ಅದನ್ನು ಹಿಡಿದುಕೊಂಡೇ ಊರು ಬಿಟ್ಟರು.

ನಾನು ಮೊದಲ ಕೆಲಸಕ್ಕೆ ಊರು ಬಿಟ್ಟಾಗ ಅಮ್ಮನ ಹಳೇ ನೋಟ್‌ಬುಕ್ಕಿನಿಂದ ಬರೆದುಕೊಂಡು ಹೋಗಿದ್ದೆ. ‘ಉಪ್ಪು ಬೇಕಾದಷ್ಟು.’ ‘ಹದಕ್ಕೆ ಬಂದಾಗ ಇಳಿಸಿ.’ ಹದ ಗೊತ್ತಿದ್ದವರಿಗೆ ಆ ಸಾಲು ಸಾಕು. ನನಗೆ ಆರು ತಿಂಗಳು ಕಹಿ ಸಾರು. ಮೆಂತ್ಯ ಕೆಂಪಗಾಗಿ ಘಮ್ ಅಂದ ಕೂಡಲೇ ತೆಗೀಬೇಕು, ಕಪ್ಪಗಾದರೆ ಇಡೀ ಪುಡಿ ಕಹಿ ಅಂತ ಎಲ್ಲೂ ಬರೆದಿರಲಿಲ್ಲ. ಬ್ಯಾಡಗಿ ಬಣ್ಣಕ್ಕೆ, ಗುಂಟೂರು ಖಾರಕ್ಕೆ ಅನ್ನುವುದೂ ಇರಲಿಲ್ಲ.

‘ಹದ ಬರೆಯೋಕೆ ಬರಲ್ಲ, ನೋಡೇ ಕಲೀಬೇಕು’ ಅನ್ನುವವರಿದ್ದಾರೆ. ಪೂರ್ತಿ ಒಪ್ಪಲಾರೆ. ಒಂದೆಳೆ ಪಾಕ ಅನ್ನುವ ಮಾತೇ ಒಂದು ಅಳತೆ. ಪಾಕವನ್ನು ಎರಡು ಬೆರಳಿನ ನಡುವೆ ಎಳೆದರೆ ಒಂದು ಎಳೆ ಬರಬೇಕು, ಅಷ್ಟೇ. ಉಂಡೆ ಪಾಕ ಅಂದರೆ ನೀರಿಗೆ ಒಂದು ಹನಿ ಬಿಟ್ಟಾಗ ಉಂಡೆ ಕಟ್ಟಬೇಕು. ಥರ್ಮಾಮೀಟರ್ ಇಲ್ಲದ ಕಾಲದಲ್ಲಿ ಇಷ್ಟು ಖಚಿತವಾಗಿ ಹೇಳಿದ್ದಾರೆ ನಮ್ಮವರು! ಅದಕ್ಕಿಂತ ‘ಕುಕ್ಕರ್ ಮೂರು ಕೂಗು’ ಅನ್ನುವುದೇ ಸಡಿಲ, ಉರಿ ಬದಲಾದರೆ ಕೂಗಿನ ಲೆಕ್ಕವೂ ಬದಲು. ನೋಡಿ ಕಲಿಯುವುದು ಜಾಸ್ತಿ ಒಳ್ಳೆಯದು, ನಿಜ. ಆದರೆ ನೋಡಲು ಪಕ್ಕದಲ್ಲಿ ಯಾರೂ ಇಲ್ಲದವರು ಏನು ಮಾಡಬೇಕು?

ಅಮ್ಮನಿಗೆ ಈಗ ಉತ್ಸಾಹ ಬಂದಿದೆ. ನಿನ್ನೆ ತಾನೇ ಫೋನ್ ಮಾಡಿ, ‘ಮೆಂತ್ಯ ಒಂದು ಹಿಡಿ ಅಂತ ಬರ್ಕೊಂಡ್ಯಲ್ಲ, ನನ್ನ ಕೈ ಸಣ್ಣದು, ಗ್ರಾಮೂ ಬರಿ’ ಅಂದಳು. ಮುಂದಿನ ಸಲ ಮಜ್ಜಿಗೆಹುಳಿ. ಮಜ್ಜಿಗೆ ಒಡೆಯುವ ಮುಂಚೆ ಯಾವ ಗಳಿಗೆಗೆ ಒಲೆ ಆರಿಸುತ್ತೀಯ ಅಂತ ಕೇಳಿದ್ದೇನೆ. ‘ಅಂಚಲ್ಲಿ ನೊರೆ ಏಳೋಕೆ ಶುರುವಾದಾಗ’ ಅಂದಳು. ಅದನ್ನು ಹಾಗೇ ಬರೆದುಕೊಂಡೆ.