ಷೈನಿಂಗ್ ಬಂದಿದೆಯಂತೆ

ನಿನ್ನೆ ಆಯುಧಪೂಜೆಗೆ ಅಂತ ಇಲ್ಲೇ ಮೈಸೂರಿನ ಒಂಟಿಕೊಪ್ಪಲಿನ ಬಾಮೈದನ ಮನೆಗೆ ಹೋಗಿದ್ದೆ. ಹೋಗಬಾರದಿತ್ತು.

ಕಾರು, ಸ್ಕೂಟರು, ಮಿಕ್ಸಿ, ಈಳಿಗೆಮಣೆ, ಎಲ್ಲಕ್ಕೂ ಕುಂಕುಮ ಬಿತ್ತು. ಬೂದುಗುಂಬಳಕಾಯಿ ಒಡೆದದ್ದಾಯ್ತು. ಕೊನೆಗೆ ಅವನು ಒಳಗಿನಿಂದ ತಾತನ ರೈಫಲ್ಲು ತಂದು ಮಣೆಯ ಮೇಲೆ ಮಲಗಿಸಿದ. ನನ್ನ ಎದೆ ಧಸಕ್ ಅಂತು.

"ಹೇಗಿದೆ ಭಾವ? ಪಾಲಿಶ್ ಮಾಡಿಸಿದೆ. ಷೈನಿಂಗ್ ನೋಡಿ!"

ನನ್ನ ಬೋಳುತಲೆಗೂ ಷೈನಿಂಗ್ ಇದೆಯಪ್ಪ. ಯಾರೂ ಅದಕ್ಕೆ ಮಂಗಳಾರತಿ ಎತ್ತಲ್ಲ.

ಈ ರೈಫಲ್ಲಿನ ಬಗ್ಗೆ ಹಿಂದೆ ಒಂದೆರಡು ಸಲ ಇಲ್ಲಿ ಕೊರೆದಿದ್ದೇನೆ, ಹಳಬರಿಗೆ ನೆನಪಿರಬಹುದು. ಲಂಡನ್ನಿನ ಜಾನ್ ರಿಗ್ಬಿ ಕಂಪನಿಯದು. ನನ್ನ ಹೆಂಡತಿಯ ತಾತ, ಕೊಡಗಿನ ಒಬ್ಬ ಇಂಗ್ಲಿಷ್ ಕಾಫಿ ದೊರೆ ಊರು ಬಿಡುವಾಗ ಅವನಿಂದ ಕೊಂಡದ್ದು. ಲೈಸೆನ್ಸ್ ಈಗ ಬಾಮೈದನ ಹೆಸರಲ್ಲಿದೆ. ತೋಟಾ ಮುಗಿದು ಎಷ್ಟೋ ವರ್ಷ ಆಯ್ತು. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸುವುದು, ಮುಗಿದ ಮೇಲೆ ವಾಪಸ್ ತರುವುದು, ಅಷ್ಟೇ ಅದರ ತಿರುಗಾಟ. ಚಂಪಾವತ್‌ನ ನರಭಕ್ಷಕ ಹುಲಿಯನ್ನು ಕೊಂದದ್ದಕ್ಕೆ 1907ರಲ್ಲಿ ಜಿಮ್ ಕಾರ್ಬೆಟ್‌ಗೆ ಒಂದು ರೈಫಲ್ ಉಡುಗೊರೆ ಕೊಟ್ಟರಲ್ಲ, ಅದೇ ಜಾತಿಯದು, .275 ರಿಗ್ಬಿ. (ಹೆಸರು ಮಾತ್ರ ರಿಗ್ಬಿಯದು. ತೋಟಾ ಜರ್ಮನಿಯ ಮೌಸರ್‌ನ 7 ಎಂಎಂ. ಇಂಗ್ಲಿಷರು ಬೇರೆಯವರ ಮಾಲಿಗೆ ತಮ್ಮ ಹೆಸರು ಇಡುವುದು ಹೊಸದೇನಲ್ಲ ಅಲ್ವಾ.)

ತೋಟಾ ಒಳಗೆ ತಳ್ಳಲು, ಹೊರಗೆ ಎಳೆಯಲು ಕೈಯಲ್ಲಿ ಹಿಂದೆಮುಂದೆ ಆಡಿಸುವ ಬೋಲ್ಟೂ ಮೌಸರ್‌ನದೇ, 1898ರ ನಮೂನೆ. ಅದರ ಬಲಮಗ್ಗುಲಲ್ಲಿ ಉದ್ದಕ್ಕೆ ಒಂದು ಉಕ್ಕಿನ ಪಟ್ಟಿ ಇದೆ. ತೋಟಾ ಕೆಳಗಿನಿಂದ ಮೇಲೆ ಬಂದ ಕೂಡಲೇ ಆ ಪಟ್ಟಿಯ ತುದಿಯ ಕೊಕ್ಕೆ ಅದರ ಬುಡ ಹಿಡಿದುಕೊಳ್ಳುತ್ತದೆ. ನಳಿಗೆಯೊಳಗೆ ಹೋಗುವವರೆಗೂ ಬಿಡಲ್ಲ. ಈಡು ಆದಮೇಲೆ ಖಾಲಿ ತೋಟಾವನ್ನು ಎಳೆದು ಹೊರಗೆ ಎಸೆಯುವವರೆಗೂ ಬಿಡಲ್ಲ. ಎದುರಿಗೆ ಹುಲಿ ನಿಂತಿರುವಾಗ, ಕೈ ನಡುಗುತ್ತಿರುವಾಗಲೂ ತೋಟಾ ಅಡ್ಡಡ್ಡ ಸಿಕ್ಕಿಕೊಳ್ಳಬಾರದು ನೋಡಿ. ನೂರಿಪ್ಪತ್ತು ವರ್ಷ ಆಯ್ತು, ಇವತ್ತಿಗೂ ದುಬಾರಿ ರೈಫಲ್ ಮಾಡುವವರು ಇದನ್ನೇ ನಕಲು ಮಾಡುತ್ತಾರೆ.

ಆದರೆ ನನಗೆ ಹುಚ್ಚು ಹಿಡಿಸಿದ್ದು ಬೋಲ್ಟ್ ಅಲ್ಲ. ಮರ.

ನಾನು ಮಂಡಿ ಮೊಹಲ್ಲಾದ ಇನ್‌ಲೇ ಕೆಲಸದವನ ಮಗ ಅಂತ ನಿಮಗೆಲ್ಲ ಗೊತ್ತು. ನಮ್ಮಪ್ಪ ಬೀಟೆ ಹಲಗೆಯಲ್ಲಿ ಆನೆ ಕೂರಿಸುವಾಗ ಹೇಳುತ್ತಿದ್ದದ್ದು ಒಂದೇ ಮಾತು, "ಉಗುರು ಸಿಗಬಾರದು ಕಣೋ." ಕಣ್ಣು ಮುಚ್ಚಿ ಬೆರಳಾಡಿಸಿದರೆ ಎಲ್ಲಿ ಬೀಟೆ ಮುಗೀತು, ಎಲ್ಲಿ ಆನೆ ಶುರುವಾಯ್ತು ಗೊತ್ತಾಗಬಾರದು. ಮದುವೆಯಾದ ಹೊಸತರಲ್ಲಿ ಮಾವನವರು ಈ ರೈಫಲ್ಲು ಕೈಗೆ ಕೊಟ್ಟಾಗ ನಾನು ಗುರಿ ಹಿಡಿದು ಫೋಟೋ ತೆಗೆಸಿಕೊಳ್ಳಲಿಲ್ಲ. ಕಬ್ಬಿಣ ಮತ್ತು ಮರ ಸೇರುವ ಗೆರೆಗೆ ಉಗುರು ಹಾಕಿದೆ. ಸಿಗಲಿಲ್ಲ. ಮಾವನವರು ಇವನ್ಯಾರೋ ವಿಚಿತ್ರ ಅಂತ ನೋಡಿದರು.

ಆಮೇಲೆ ಓದಿ, ವಿಡಿಯೋ ನೋಡಿ ತಿಳಿದುಕೊಂಡೆ. ಕೆಲಸಗಾರ ಕಬ್ಬಿಣಕ್ಕೆ ದೀಪದ ಮಸಿ ಬಳಿಯುತ್ತಾನೆ. ಅಕ್ರೋಟು ಮರದಲ್ಲಿ ತೋಡಿದ ಗುಳಿಗೆ ಇಳಿಸಿ ಒತ್ತುತ್ತಾನೆ. ಎತ್ತುತ್ತಾನೆ. ಮಸಿ ಅಂಟಿದ ಕಡೆ ಮಾತ್ರ ಉಳಿಯಲ್ಲಿ ಈರುಳ್ಳಿ ಸಿಪ್ಪೆಯಷ್ಟು ಕೆರೆಯುತ್ತಾನೆ. ಮತ್ತೆ ಮಸಿ, ಮತ್ತೆ ಒತ್ತು, ಮತ್ತೆ ಎತ್ತು, ಮತ್ತೆ ಕೆರೆ. ಹತ್ತಿಪ್ಪತ್ತು ಸಲದ ಮಾತಲ್ಲ, ನೂರಾರು ಸಲ. ಕೊನೆಗೆ ಮಸಿ ಎಲ್ಲ ಕಡೆ ಒಂದೇ ಸಮ ಅಂಟಬೇಕು. ಇದೇನು ಚೆಂದಕ್ಕಲ್ಲ. ಎಲ್ಲೋ ಒಂದು ಮೂಲೆಯಲ್ಲಿ ಮರ ಕಬ್ಬಿಣವನ್ನು ತಳ್ಳುತ್ತಿದ್ದರೆ ಈಡು ಇವತ್ತು ಒಂದು ಕಡೆ, ನಾಳೆ ಮಳೆ ಬಂದರೆ ಇನ್ನೊಂದು ಕಡೆ. ಲಂಡನ್ನಿನವನಿಗೂ ನಮ್ಮಪ್ಪನಿಗೂ ಒಂದೇ ಪಾಠ, ಉಗುರು ಸಿಗಬಾರದು.

ಈಗ ಬಾಮೈದ ಮಾಡಿದ್ದು ಕೇಳಿ. ಮರವನ್ನು ಬಿಚ್ಚಿ ಯಾವನೋ ಫರ್ನಿಚರ್ ಪಾಲಿಶಿನವನಿಗೆ ಕೊಟ್ಟಿದ್ದಾನೆ. ಅವನು ಮಷೀನಿನಲ್ಲಿ ಉಜ್ಜಿದ್ದಾನೆ. ಹಿಡಿಯುವ ಕಡೆ ಕೈಯಲ್ಲೇ ಕೊರೆದ ಚೌಕಳಿ ಇರುತ್ತದೆ, ಇಂಚಿಗೆ ಇಪ್ಪತ್ತರ ಮೇಲೆ ಗೆರೆ, ಬೆವರಿದ ಕೈ ಜಾರದಿರಲಿ ಅಂತ. ಅರ್ಧ ಮಾಯ. ವಾರಗಟ್ಟಲೆ ಅಂಗೈಯಲ್ಲಿ ತಿಕ್ಕಿ ತಿಕ್ಕಿ ಕುಡಿಸಿದ ಅಗಸೆ ಎಣ್ಣೆ ಹೋಯ್ತು. ಮೇಲೆ ದಪ್ಪಗೆ ವಾರ್ನಿಶ್. ಮದುವೆ ಛತ್ರದ ಸೋಫಾದ ಕೈ ಇರುತ್ತಲ್ಲ, ಹಾಗಿದೆ. ಷೈನಿಂಗ್!

ನಳಿಗೆಯನ್ನು ಸ್ವತಃ ಅವನೇ ಡ್ರಿಲ್ಲಿಗೆ ಬಫಿಂಗ್ ಚಕ್ರ ಸಿಕ್ಕಿಸಿ ಉಜ್ಜಿದನಂತೆ. ಸ್ಟೀಲ್ ಲೋಟದ ಹಾಗೆ ಬೆಳ್ಳಗೆ ಹೊಳೆಯುತ್ತಿದೆ. ಆ ಕಪ್ಪು ಬಣ್ಣ ಬಳಿದದ್ದಲ್ಲ ಕಣ್ರೀ. ಅದು ತುಕ್ಕು! ಬೇಕಂತಲೇ ಉಕ್ಕಿಗೆ ತುಕ್ಕು ಹಿಡಿಸುತ್ತಾರೆ. ಆಮೇಲೆ ನೀರಲ್ಲಿ ಕುದಿಸುತ್ತಾರೆ. ಕೆಂಪು ತುಕ್ಕು ಕಪ್ಪಾಗುತ್ತದೆ. ಮೇಲಿನ ಪುಡಿಯನ್ನು ಮೃದುವಾಗಿ ಉಜ್ಜಿ ತೆಗೆದು ಮತ್ತೆ ತುಕ್ಕು, ಮತ್ತೆ ಕುದಿ. ದಿನಗಟ್ಟಲೆ ಹೀಗೆ ಮಾಡಿದ ಮೇಲೆ ಮಳೆಗಾಲದ ಮೋಡದಂಥ ಬಣ್ಣ ಬರುತ್ತದೆ. ಹೊಳೆಯಲ್ಲ. ಹೊಳೆಯಬಾರದು, ಕಾಡಲ್ಲಿ ಪ್ರಾಣಿಗೆ ಕಾಣುತ್ತದೆ. ತುಕ್ಕನ್ನು ತುಕ್ಕಿನಿಂದಲೇ ತಡೆದ ಆ ಬುದ್ಧಿಯನ್ನು ಇವನು ಅರ್ಧ ಗಂಟೆಯಲ್ಲಿ ಒರೆಸಿ ಹಾಕಿದ. ಜೊತೆಗೆ ಕೆತ್ತಿದ್ದ ಹೆಸರೂ ಮಸುಕಾಗಿದೆ.

ಸ್ಕ್ರೂಗಳ ಕಥೆ ಹೇಳದಿದ್ದರೆ ನನಗೆ ಇವತ್ತೂ ನಿದ್ದೆ ಬರಲ್ಲ. ಒಳ್ಳೆ ರೈಫಲ್ಲಿನ ಸ್ಕ್ರೂ ತಲೆಯ ಗೆರೆಗಳೆಲ್ಲ ನಳಿಗೆಯ ಉದ್ದಕ್ಕೆ, ಒಂದೇ ದಿಕ್ಕಿಗೆ ನಿಂತಿರುತ್ತವೆ. ಬಿಗಿಯಾಗಿ ಕೂತಾಗ ಸರಿಯಾಗಿ ಅಲ್ಲೇ ನಿಲ್ಲುವ ಹಾಗೆ ಒಂದೊಂದನ್ನೂ ಅರದಿಂದ ಉಜ್ಜಿ ಮಾಡಿರುತ್ತಾರೆ. ಈಗ ಒಂದು ಚಾಮುಂಡಿ ಬೆಟ್ಟ ನೋಡುತ್ತಿದೆ, ಇನ್ನೊಂದು ರೈಲ್ವೆ ಸ್ಟೇಷನ್. ಎರಡರ ತಲೆಯೂ ಹರಿದಿದೆ.

"ಕೊಲ್ಲುವ ಸಾಮಾನಿಗೆ ಇಷ್ಟು ಪ್ರೀತಿಯೇ?" ಅಂತ ಒಬ್ಬರು ಖಂಡಿತ ಕೇಳುತ್ತೀರಿ. ಯಾರು ಅಂತಲೂ ಗೊತ್ತು. ಸ್ವಾಮಿ, ನಾನು ಒಂದು ಗುಬ್ಬಿ ಹೊಡೆದವನಲ್ಲ. ಬೇಟೆ 1972ರ ವನ್ಯಜೀವಿ ಕಾಯ್ದೆಯಿಂದ ನಿಂತಿತು, ನಿಂತದ್ದು ಒಳ್ಳೆಯದೇ ಆಯ್ತು. ತಾತ ಅದಕ್ಕೂ ಮೊದಲು ಏನೇನು ಹೊಡೆದರೋ, ನಾನು ಕೇಳಿಲ್ಲ. ಆದರೆ ಸತ್ತ ಹುಲಿಗೆ ಜೀವ ಇದ್ದ ಹಾಗೆ ಚರ್ಮ ತುಂಬಿ ನಿಲ್ಲಿಸುತ್ತಿದ್ದ ವ್ಯಾನ್ ಇಂಗನ್ ಅವರು ನಮ್ಮ ಊರಿನವರು ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ ಅಲ್ವಾ? ಹುಲಿ ತುಂಬಿದ ಕೈಗೆ ಹೊಗಳಿಕೆ, ಮರ ಕೆರೆದ ಕೈ ಮಾತ್ರ ಪಾಪಿ. ಯಾವ ನ್ಯಾಯ ಇದು?

ಇನ್ನೊಂದು ವಾದ ಸ್ವಲ್ಪ ಗಟ್ಟಿ ಇದೆ. ಇವತ್ತು ಕಂಪ್ಯೂಟರ್ ಮಷೀನಿನಲ್ಲಿ ಕಡೆದ ಅಗ್ಗದ ರೈಫಲ್ಲೂ ನೂರು ಗಜದಲ್ಲಿ ಒಂದಿಂಚಿನೊಳಗೆ ಗುಂಡು ಕೂರಿಸುತ್ತದೆ. ನಿಜ, ಒಪ್ಪಿದೆ. ಆದರೂ ಅಮೆರಿಕದ ವಿಂಚೆಸ್ಟರ್ ಕಂಪನಿ 1964ರಲ್ಲಿ ಖರ್ಚು ಉಳಿಸಲು ಹೋಗಿ, ತನ್ನ ಮಾಡೆಲ್ 70ರ ಮೌಸರ್ ತರಹದ ಕೊಕ್ಕೆ ತೆಗೆದು, ಚೌಕಳಿಯನ್ನು ಕೊರೆಯುವ ಬದಲು ಅಚ್ಚು ಒತ್ತಿತು. ಗಿರಾಕಿಗಳಿಗೆ ಮೊದಲ ನೋಟಕ್ಕೇ ಗೊತ್ತಾಯ್ತು. ಅದಕ್ಕಿಂತ ಮುಂಚಿನದಕ್ಕೆ ಅಲ್ಲಿ ಇವತ್ತಿಗೂ ಬೇರೆಯೇ ಬೆಲೆ. ನಮ್ಮಲ್ಲಿ? ಹಲ್ಲು ಕಿರಿಯುವಷ್ಟು ಹೊಳೆದರೆ ಸಾಕು.

ಇಲ್ಲೇ ಪಕ್ಕದ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದಲ್ಲಿ ಹುಲಿಪಟ್ಟೆ ಕೆತ್ತಿದ ಎಂಥೆಂಥ ಕೋವಿ ಮಾಡಿದರು. ಎಷ್ಟೋ ಈಗ ಇಂಗ್ಲೆಂಡಿನ ಅರಮನೆ, ಮ್ಯೂಸಿಯಮ್ಮುಗಳಲ್ಲಿವೆ. ಲೂಟಿ ಹೊಡೆದರು ಅಂತ ನಾವು ಬೈಯುತ್ತೇವೆ, ಬೈಯಬೇಕಾದ್ದೇ. ಆದರೆ ನಿನ್ನೆ ರಾತ್ರಿ ಮಲಗಿದಾಗ ಒಂದು ಕೆಟ್ಟ ಯೋಚನೆ ಬಂತು. ಇಲ್ಲೇ ಇದ್ದಿದ್ದರೆ ಇಷ್ಟೊತ್ತಿಗೆ ಎಲ್ಲಕ್ಕೂ ವಾರ್ನಿಶ್ ಬಿದ್ದಿರುತ್ತಿತ್ತು.

ಇದನ್ನೆಲ್ಲ ಬಾಮೈದನ ಮನೆಯಲ್ಲೇ ಜೋರಾಗಿ ಹೇಳಿದೆ. ಪಾಪ, ಅವನ ಮುಖ ಬಾಡಿತು. ವಾಪಸ್ ಬರುವಾಗ ಆಟೋದಲ್ಲೂ ನನ್ನ ಬಾಯಿ ನಿಂತಿರಲಿಲ್ಲ. ನನ್ನಾಕೆ ಹೊರಗೆ ನೋಡುತ್ತಾ, ದೀಪಾಲಂಕಾರ ಚೆನ್ನಾಗಿದೆ ಅನ್ನುವಷ್ಟೇ ತಣ್ಣಗೆ ಹೇಳಿದಳು, "ಮಾವನವರ ಉಳಿ, ಗರಗಸ ಎಲ್ಲ ಗುಜರಿಗೆ ಹಾಕಿದ್ದು ನೀವೇ ಅಲ್ವಾ?"

ಹೌದು. ಅಪ್ಪ ತೀರಿಕೊಂಡ ವರ್ಷ, ಮನೆಗೆ ಸುಣ್ಣ ಬಳಿಸುವಾಗ. ಹಿಡಿಗಳಲ್ಲಿ ಅವರ ಹೆಬ್ಬೆರಳಿನ ಗುಂಡಿ ಬಿದ್ದಿತ್ತು. ತೂಕದ ಲೆಕ್ಕ, ಮುನ್ನೂರ ನಲವತ್ತು ರೂಪಾಯಿ. ಆವತ್ತು ಮಕ್ಕಳಿಗೆ ಅದೇ ದುಡ್ಡಲ್ಲಿ ಮಸಾಲೆದೋಸೆ ಕೊಡಿಸಿದ್ದೆ.

ಬೆಳಗ್ಗೆ ಬಾಮೈದ ಫೋನ್ ಮಾಡಿದ್ದ. "ಬೇಜಾರಾಗಬೇಡಿ ಭಾವ. ಕಪ್ಪು ಪೇಂಟ್ ಹೊಡೆಸಿಬಿಡ್ಲಾ?"

ಬೇಡಪ್ಪ, ದೇವರಾಣೆ ಬೇಡ, ಏನೂ ಮುಟ್ಟಬೇಡ, ಭಾನುವಾರ ನಾನೇ ಅಗಸೆ ಎಣ್ಣೆ ತರುತ್ತೇನೆ, ಆ ವಾರ್ನಿಶ್ ಇಬ್ಬರೂ ಕೂತು ಕೈಯಲ್ಲೇ ತೆಗೆಯೋಣ ಅಂದೆ.

"ಆಯ್ತು ಭಾವ. ಆ ಬಫಿಂಗ್ ಚಕ್ರ ಇಟ್ಟಿರಲಾ?"